‘ಸೆವರಲಿ’ ಎಂಬ ಮಾತಿನ ಅರ್ಥ



ಚಿಕ್ಕಪೇಟೆಯಂಥ ವ್ಯಾಪಾರದ ಬೀದಿಯಲ್ಲಿ ಪಾಲುಗಾರಿಕೆಯೂ ಸಾಲವೂ ಹೊಸತಲ್ಲ. ಅಂಥ ವ್ಯವಹಾರದ ಪತ್ರಗಳಲ್ಲಿ ‘ಜಾಯಿಂಟ್ಲಿ ಆ್ಯಂಡ್ ಸೆವರಲಿ’ ಎಂಬ ಇಂಗ್ಲಿಷ್ ಮಾತು ಆಗಾಗ ಕಾಣಬರುವುದು. ಮೊದಲನೆಯ ಪದಕ್ಕೆ ‘ಒಟ್ಟಾಗಿ’ ಎಂದರ್ಥ, ಅದರಲ್ಲಿ ತೊಡಕಿಲ್ಲ. ಎರಡನೆಯದನ್ನು ಮಾತ್ರ ಸ್ವಲ್ಪ ವಿಚಾರಿಸಬೇಕಾಗಿದೆ.

‘ಸೆವರಲ್’ ಎಂದರೆ ‘ಹಲವು’ ಎಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಆದರೆ ಆ ಪದದ ಹಳೆಯ ಅರ್ಥ ‘ಬೇರೆಬೇರೆಯಾದ’ ಎಂಬುದು. ‘ಬೇರ್ಪಡಿಸು’ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದು ಬಂದಿತು. ಕ್ರಿಯಾವಿಶೇಷಣವಾದ ‘ಸೆವರಲಿ’ ಈ ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ. ಆದಕಾರಣ ಅದನ್ನು ‘ಪ್ರತ್ಯೇಕವಾಗಿ’ ಎಂದು ಕನ್ನಡಿಸುವರು. ಪದಕ್ಕೆ ಪದ ಸರಿಯೆ. ಆದರೆ ಇದನ್ನೋದಿ, ‘ನನ್ನ ಪಾಲಿಗೆ ನಾನು, ಅವನ ಪಾಲಿಗೆ ಅವನು’ ಎಂದು ತಿಳಿದವನು ಕೆಟ್ಟನು.

ಮೂವರು ಸೇರಿ 9,000 ರೂಪಾಯಿ ಸಾಲ ತಂದು, ಈ ಮಾತುಳ್ಳ ಪತ್ರಕ್ಕೆ ರುಜು ಹಾಕಿದರೆನ್ನೋಣ. ತಲಾ 3,000 ಕೊಟ್ಟರೆ ಋಣ ತೀರಿತೆಂದು ಅವರ ಎಣಿಕೆ. ಸಾಹುಕಾರನಾದರೋ ಮೂವರಲ್ಲಿ ಅನುಕೂಲವಂತನೊಬ್ಬನನ್ನೇ ಹಿಡಿದು ಪೂರ್ತಿ 9,000 ಕೇಳಬಹುದು. ಒಂದೇ ಸಾಲವನ್ನು ಮೂರು ಸಲ ವಸೂಲು ಮಾಡುವಂತಿಲ್ಲ, ಅಷ್ಟೆ. ಬೇರೆ ಕರಾರಿಲ್ಲದಿದ್ದರೆ, ಕೂಡಿ ಮಾಡಿದ ವಾಗ್ದಾನಕ್ಕೆ 1872ರ ಕರಾರು ಕಾಯಿದೆಯ 43ನೆಯ ಕಲಮೂ ಇದನ್ನೇ ವಿಧಿಸುತ್ತದೆ. ಹಣ ತೆತ್ತವನು ಉಳಿದಿಬ್ಬರಿಂದ ಅವರವರ 3,000ವನ್ನು ಕೇಳಿ ಪಡೆಯಬಹುದು. ಅವರಲ್ಲೊಬ್ಬನು ದಿವಾಳಿಯಾಗಿದ್ದರೆ ಆ ನಷ್ಟವನ್ನು ಮಿಕ್ಕ ಇಬ್ಬರೂ ಸಮನಾಗಿ ಹೊರಬೇಕು. ಆಗ ಒಬ್ಬೊಬ್ಬನ ಪಾಲು 4,500 ಆಗುವುದು.

ಪಾಲುಗಾರರಿಗಂತೂ ಪತ್ರದಲ್ಲಿ ಈ ಪದ ಇರಲಿ, ಬಿಡಲಿ, ಹೊಣೆ ತಪ್ಪದು. 1932ರ ಪಾಲುಗಾರಿಕೆ ಕಾಯಿದೆಯ 25ನೆಯ ಕಲಮಿನಲ್ಲಿಯೇ ‘ಸೆವರಲಿ’ ಎಂಬ ಪದ ಕುಳಿತಿದೆ: ತಾನು ಪಾಲುಗಾರನಾಗಿದ್ದಾಗ ಅಂಗಡಿಯ ಪರವಾಗಿ ನಡೆದ ಎಲ್ಲ ವ್ಯವಹಾರಕ್ಕೂ ಪ್ರತಿಯೊಬ್ಬ ಪಾಲುಗಾರನೂ ಹೀಗೆ ಎರಡು ಬಗೆಯಲ್ಲಿ ಬಾಧ್ಯನು.

ಹಾಗಾದರೆ ಕನ್ನಡದಲ್ಲಿ ಹೇಗೆ ಬರೆಯಬೇಕು? ‘ಎಲ್ಲರೂ ಕೂಡಿಯೂ, ಒಬ್ಬೊಬ್ಬನೇ ಪೂರ್ತಿ ಮೊಬಲಗಿಗೂ ಹೊಣೆ’ ಎಂದರೆ ಅರ್ಥ ಸ್ಪಷ್ಟವಾಗುವುದು. ‘ಪೂರ್ತಿ’ ಎಂಬುದು ಇಂಗ್ಲಿಷ್ ಮಾತಿನಲ್ಲಿ ಕಾಣುವುದಿಲ್ಲ. ಆದರೆ ಅದರ ಒಳಗಿದೆ. ನಿಘಂಟಿಗೆ ನಿಷ್ಠೆ ತೋರಿ ಆ ಒಂದು ಪದವನ್ನು ಬಿಟ್ಟರೆ, ರುಜು ಹಾಕುವವನ ಮನೆಮಠಕ್ಕೇ ಸಂಚಕಾರ ಬಂದೀತು. ನೆಂಟನಿಗಾಗಿ, ಸ್ನೇಹಿತನಿಗಾಗಿ ಲೇಖನಿ ಹಿಡಿಯುವ ಮುನ್ನ ಕೇಳಬೇಕಾದ ಪ್ರಶ್ನೆ ‘ನನ್ನ ಪಾಲೆಷ್ಟು?’ ಎಂಬುದಲ್ಲ, ‘ಒಟ್ಟು ಎಷ್ಟು?’ ಎಂಬುದು.