ಒಂಟಿಕಾಲಿನ ನಿಲುವು



ಕಳೆದ ಶ್ರಾವಣದಲ್ಲಿ ಗದ್ದುಗೆಯ ಪೂಜೆ ಮುಗಿಸಿ ಇಳಿಯುವಾಗ ಒದ್ದೆ ಮೆಟ್ಟಿಲ ಮೇಲೆ ನಾವು ಜಾರಿದೆವು. ಮಠದ ಸಾಧಕರು ಕೈಹಿಡಿದುದರಿಂದ ಪೆಟ್ಟಾಗಲಿಲ್ಲ. ಆದರೂ ಮರುದಿನ ಅದೇ ಮೆಟ್ಟಿಲನ್ನು ಕಂಡು ಮನಸ್ಸು ಅಳುಕಿತು. ಆಗ ಈ ಮಠದ ಹಿರಿಯ ತಾಯಿಯೊಬ್ಬರು ನೆನಪಾದರು. ಅವರು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಭಯ ಹೋಗಲಿಲ್ಲ. ಪ್ರತಿ ಅಮಾವಾಸ್ಯೆಗೆ ಬರುತ್ತಿದ್ದವರು ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟರು. ನಡೆಯದಿದ್ದರೆ ಕಾಲಿನ ಬಲ ಕುಂದುತ್ತದೆ. ಬಲ ಕುಂದಿದಷ್ಟೂ ಬೀಳುವ ಸಂಭವ ಹೆಚ್ಚು. ಭಯವೇ ಮತ್ತೆ ಬೀಳಿಸುತ್ತದೆ.

ಮನುಷ್ಯನು ಕಾಲಿನ ಬಲವೊಂದರಿಂದಲೇ ನಿಲ್ಲುವುದಿಲ್ಲ. ಒಳಗಿವಿಯಲ್ಲಿ ಅರ್ಧವರ್ತುಲಾಕಾರದ ಮೂರು ನಾಳಗಳಿವೆ. ತಲೆ ಹೊರಳಿದೊಡನೆ ಅವುಗಳೊಳಗಿನ ದ್ರವವು ಕದಲಿ ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಕಣ್ಣು ತಾನು ಕಂಡುದನ್ನು ಹೇಳುತ್ತದೆ. ಅಂಗಾಲು, ಕೀಲು, ಸ್ನಾಯುಗಳು ಭಾರ ಎತ್ತ ವಾಲಿದೆಯೆಂದು ತಿಳಿಸುತ್ತವೆ. ವಯಸ್ಸಾದಂತೆ ಈ ಮೂವರು ದೂತರೂ ಮಂದರಾಗುತ್ತಾರೆ. ದಿನವೂ ಕೆಲಸ ಕೊಟ್ಟರೆ ಮತ್ತೆ ಚುರುಕಾಗುತ್ತಾರೆ.

ಘೇರಂಡ ಸಂಹಿತೆಯು ಹೇಳುವ ಮೂವತ್ತೆರಡು ಆಸನಗಳಲ್ಲಿ ವೃಕ್ಷಾಸನವೂ ಒಂದು. ಬಲಪಾದವನ್ನು ಎಡತೊಡೆಯ ಮೂಲದಲ್ಲಿಟ್ಟು ಮರದಂತೆ ನಿಲ್ಲುವುದು. ಮಹಾಬಲಿಪುರದ ಬಂಡೆಗಲ್ಲಿನಲ್ಲಿ ಪಲ್ಲವರ ಶಿಲ್ಪಿಯು ಒಂಟಿಕಾಲಿನ ತಪಸ್ವಿಯನ್ನು ಕಡೆದಿದ್ದಾನೆ. ಅಲ್ಲಿಯೇ ಒಂದು ಬೆಕ್ಕೂ ಮುಂಗಾಲೆತ್ತಿ ತಪಸ್ಸಿಗೆ ನಿಂತಿದೆ, ಸುತ್ತ ಇಲಿಗಳು! ಅಂಥ ತಪಸ್ಸು ನಮಗೆ ಬೇಡ.

ವೃದ್ಧರು ಪಾದವನ್ನು ಅಷ್ಟು ಮೇಲೇರಿಸಬೇಕಾಗಿಲ್ಲ. ಗೋಡೆಗೆ ಕೈಯಿಟ್ಟು, ಹಿಮ್ಮಡಿಯನ್ನು ಇನ್ನೊಂದು ಕಾಲಿನ ಹರಡಿಗೆ ಆನಿಸಿ, ಬೆರಳ ತುದಿ ನೆಲದಲ್ಲೇ ಇರಲಿ. ಮೊಣಕಾಲಿನ ಕೀಲಿಗೆ ಪಾದವನ್ನು ಒತ್ತಬಾರದು. ಉಸಿರು ಬಿಗಿಹಿಡಿಯಬಾರದು. ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಎದುರಿಗೆ ಕದಲದ ಒಂದು ವಸ್ತುವಿನಲ್ಲಿ ದೃಷ್ಟಿ ನೆಡಿರಿ. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ರೂಢಿಯಿರುವ ನಿಮಗೆ ಇದು ಹೊಸತಲ್ಲ. ಕಣ್ಣು ಅತ್ತಿತ್ತ ಹರಿದರೆ ಮೈಯೂ ತೂಗಾಡುವುದನ್ನು ನೀವೇ ಕಾಣುವಿರಿ.

ಆ ತಾಯಿಗೆ ಇದನ್ನು ಹೇಳಿಕಳುಹಿಸಿದೆವು. ನಾವೂ ಪೂಜೆಯ ತರುವಾಯ ಗೋಡೆಯ ಬಳಿ ನಿಲ್ಲತೊಡಗಿದೆವು. ಎಡಗಾಲಿನ ಮೇಲೆ ಮೂವತ್ತು ಎಣಿಸುವಷ್ಟು ಹೊತ್ತು ಇನ್ನೂ ಸಾಧಿಸಿಲ್ಲ. ಹೋದ ಅಮಾವಾಸ್ಯೆಗೆ ಅವರು ಮೊಮ್ಮಗನ ಭುಜ ಹಿಡಿದು ಬಂದರು. ಕೆಳಗಿನ ಮೆಟ್ಟಿಲಲ್ಲೇ ನಿಂತು ಕೈಮುಗಿದು, "ಬುದ್ಧೀ, ಮೇಲಿನವು ಯುಗಾದಿಗೆ" ಎಂದರು.