ಶಾಲೆ ಬಿಟ್ಟ ಹುಡುಗನ ಮುಂದಿನ ಹಾದಿ



ಹೋಳಿಹುಣ್ಣಿಮೆ ಕಳೆದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಸಾಗುತ್ತದೆ. ಅಪ್ಪನ ಗುಡಿಯೆಂದು ಜನರು ಕರೆಯುವ ಆ ದೇವಸ್ಥಾನದ ಮುಂದೆ ಅಂದು ನೆರೆಯುವ ಸಮೂಹದಲ್ಲಿ ಎರಡು ಬಗೆಯ ತರುಣರನ್ನು ನಾವು ಕಾಣುತ್ತೇವೆ. ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಕಟ್ಟಡದ ಕೆಲಸ ಮಾಡಿ ನಾಲ್ಕು ದಿನಕ್ಕೆಂದು ಊರಿಗೆ ಬಂದವರು ಒಂದು ಬಗೆ; ಪರೀಕ್ಷೆಯ ಚಿಂತೆಯಿಂದ ಕಾಯಿ ಒಡೆಯಿಸಲು ಬಂದ ಹತ್ತನೆಯ ತರಗತಿಯ ಹುಡುಗರು ಇನ್ನೊಂದು ಬಗೆ. 2025ರಲ್ಲಿ ತೇರಿನ ವಾರದಲ್ಲಿಯೇ ಎಸ್.ಎಸ್.ಎಲ್.ಸಿ. ಪರೀಕ್ಷೆಯೂ ಮೊದಲಾಯಿತು. ಮೇ 2ರಂದು ಹೊರಬಿದ್ದ ಫಲಿತಾಂಶದಲ್ಲಿ ದಕ್ಷಿಣ ಕನ್ನಡಕ್ಕೆ ನೂರಕ್ಕೆ 91.12ರಷ್ಟು ತೇರ್ಗಡೆಯಾದರೆ ಕಲಬುರಗಿಗೆ 42.43, ನಾಡಿನಲ್ಲಿಯೇ ಕಡೆಯ ಸ್ಥಾನ. ಅಂದರೆ ಕಾಯಿ ಒಡೆಯಿಸಿದ ಇಬ್ಬರಲ್ಲಿ ಒಬ್ಬನಿಗಿಂತಲೂ ಹೆಚ್ಚು ಮಂದಿ ಆ ಬಾರಿ ಬಾಗಿಲ ಹೊರಗೇ ಉಳಿದರು.

ಇವರ ಮುಂದಿನ ಹಾದಿಯನ್ನು ಕುರಿತೇ ಈ ಹೊತ್ತು ನಾಲ್ಕು ಮಾತು.

ಪದವೀಧರರ ನಿರುದ್ಯೋಗವನ್ನು ಕುರಿತು ನಾವೆಲ್ಲರೂ ಬಹಳ ಮಾತನಾಡುತ್ತೇವೆ. ನಾವೇ ಪದವೀಧರರಾದುದರಿಂದ ಅದು ಸಹಜವೇ ಇರಬಹುದು. ಸರ್ಕಾರವೂ ಅವರನ್ನು ಮರೆತಿಲ್ಲ. ಸಂವಿಧಾನದ 371 ಜೆ ವಿಧಿಯ ಫಲವಾಗಿ 2013ರಿಂದ ಈ ಭಾಗದ ಸ್ಥಳೀಯ ಹುದ್ದೆಗಳಲ್ಲಿ ‘ಎ’, ‘ಬಿ’ ವರ್ಗಗಳಿಗೆ ನೂರಕ್ಕೆ 75, ‘ಸಿ’ ವರ್ಗಕ್ಕೆ 80, ‘ಡಿ’ ವರ್ಗಕ್ಕೆ 85ರಂತೆ ಇಲ್ಲಿಯವರಿಗೇ ಮೀಸಲಾಯಿತು. 2024ರ ಜನವರಿಯಲ್ಲಿ ಹಣ ಹಂಚತೊಡಗಿದ ಯುವನಿಧಿಯು ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ ಎಂದು ಗೊತ್ತುಮಾಡಿತು. ಒಳ್ಳೆಯದೇ. ಆದರೆ ಈ ಏಣಿಗಳ ಮೊದಲನೆಯ ಮೆಟ್ಟಿಲು ಹತ್ತನೆಯ ತರಗತಿಯಲ್ಲಿ ಮುಗ್ಗರಿಸಿದ ಹುಡುಗನ ಕೈಗೆ ನಿಲುಕದಷ್ಟು ಎತ್ತರದಲ್ಲಿದೆ.

ಹಾಗಾದರೆ ಅವನು ಊರಿನಲ್ಲಿಯೇ ದುಡಿಯಬಾರದೇ ಎಂದು ಕೇಳಬಹುದು. ದುಡಿಮೆಯ ಸ್ವರೂಪವನ್ನು ನೋಡಿರಿ. ಈ ಜಿಲ್ಲೆ ತೊಗರಿಯ ಕಣಜ. 2019ರಲ್ಲಿ ಇಲ್ಲಿಯ ತೊಗರಿಗೆ ಭೌಗೋಳಿಕ ಗುರುತು ದೊರೆಯಿತು. ಆದರೆ ಅದು ಮಳೆಯನ್ನೇ ನಂಬಿದ ಬೆಳೆ. ಮುಂಗಾರಿನಲ್ಲಿ ಬಿತ್ತಿದರೆ ರಾಶಿಯಾಗುವುದು ಚಳಿಗಾಲದಲ್ಲಿ. ನಡುವೆ ಕಳೆ ತೆಗೆಯುವ ಕೆಲವು ದಿನಗಳನ್ನುಳಿದು ಹೊಲಕ್ಕೆ ಆಳು ಬೇಡ. ಬೇಳೆಯ ಮಿಲ್ಲುಗಳಲ್ಲಿ ಯಂತ್ರವೇ ಹೆಚ್ಚು ದುಡಿಯುತ್ತದೆ, ಮನುಷ್ಯನಿಗೆ ಉಳಿದಿರುವುದು ಚೀಲ ಹೊರುವ ಹಮಾಲಿ. ಕಮಲಾಪುರದ ಕೆಂಪು ಬಾಳೆಗೆ ಹೆಸರಿದೆ, ಆದರೆ ಅದು ನೀರುಳ್ಳವರ ತೋಟದ ಮಾತು. ಶಹಾಬಾದಿನ ಫರಸಿ, ವಾಡಿ ಸೇಡಂಗಳ ಸಿಮೆಂಟು ಇವೆಯಾದರೂ ಕಾರ್ಖಾನೆಯ ಒಳಗೆ ಹೋಗಬೇಕಾದರೆ ಕಸುಬು ಬಲ್ಲವನೆಂಬ ಕಾಗದ ಬೇಕು. ನಗರಕ್ಕೆ ಕೂಲಿ ಕೊಡುತ್ತಿದ್ದ ಮೆಹಬೂಬ್ ಶಾಹಿ ಗಿರಣಿ ಮುಚ್ಚಿತು, ಎಂ.ಎಸ್.ಕೆ. ಮಿಲ್ ಎಂಬ ಬಡಾವಣೆಯ ಹೆಸರಾಗಿ ಮಾತ್ರ ಉಳಿಯಿತು. ಹೀಗಾಗಿ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸಾಮಾನ್ಯ ಡಬ್ಬಿಯೇ ನಮ್ಮ ಹುಡುಗರ ಉದ್ಯೋಗ ವಿನಿಮಯ ಕೇಂದ್ರವಾಗಿದೆ.

ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಲು ಅವಕಾಶವಿಲ್ಲವೆಂದಲ್ಲ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಏರ್ಪಾಡಾಯಿತು. ಆದರೆ ಎರಡನೆಯದು ಬರುವ ವೇಳೆಗೆ ಹುಡುಗನು ರೈಲು ಹತ್ತಿರುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಗಂಡು ನೋಡಲು ತೊಡಗಿರುತ್ತಾರೆ.

ದೋಷದಲ್ಲಿ ನಮ್ಮಂಥವರ ಪಾಲೂ ಇದೆ. ನಿಜಾಮರ ಕಾಲದಲ್ಲಿ, ಉರ್ದುವೇ ವಿದ್ಯೆಯ ಭಾಷೆಯಾಗಿದ್ದ ದಿನಗಳಲ್ಲಿ, 1934ರಲ್ಲಿ ಈ ಸಂಸ್ಥಾನದ ವಿದ್ಯಾವರ್ಧಕ ಸಂಘವು ಹುಟ್ಟಿತು, ಹೆಣ್ಣುಮಕ್ಕಳಿಗೂ ಶಾಲೆಯಾಯಿತು. ಅಂದು ಅಕ್ಷರ ಬಲ್ಲವರು ವಿರಳ; ಬಲ್ಲವನಿಗೆ ಕಚೇರಿಯ ಚಾಕರಿ ಕಾದಿರುತ್ತಿತ್ತು. ಆ ಕಾಲ ಹೋಯಿತು, ಭ್ರಮೆ ಮಾತ್ರ ಉಳಿಯಿತು. ಓದಿದರೆ ಕುರ್ಚಿ, ಓದದಿದ್ದರೆ ಕೂಲಿ ಎಂದು ತರಗತಿಯಲ್ಲಿ ನಾವೇ ಹೆದರಿಸುತ್ತ ಬಂದೆವು. ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತ, ಹಕ್ಕಿಗಳಿಗೆ ತೆನೆಯನ್ನೂ ನೀರನ್ನೂ ಇಟ್ಟರೆಂದು ಜನರು ಕೊಂಡಾಡುವ ಶರಣರ ಗುಡಿಯ ನೆರಳಿನಲ್ಲಿಯೇ ಕೈಕೆಲಸವನ್ನು ಶಿಕ್ಷೆಯೆಂಬಂತೆ ಕಲಿಸಿದೆವು.

ಕಳೆದ ತೇರಿನಲ್ಲಿ ಅಪ್ಪನ ಕೆರೆಯ ದಂಡೆಯ ಮೇಲೆ ನೆರೆಮನೆಯ ಹುಡುಗನೊಬ್ಬನು ಸಿಕ್ಕಿದನು. ಎರಡು ವರ್ಷದ ಹಿಂದೆ ಗಣಿತದಲ್ಲಿ ನಪಾಸಾದವನು; ಈಗ ಪುಣೆಯಲ್ಲಿ ಗೌಂಡಿಯ ಕೈಕೆಳಗೆ ಇದ್ದಾನೆ. “ಸರ, ಊರಾಗ ಫೇಲ್ ಅಂತಾರ. ಅಲ್ಲಿ ಗ್ವಾಡಿ ನೆಟ್ಟಗ ಅದನೋ ಇಲ್ಲೋ ಅಂತ ಇಷ್ಟೇ ನೋಡತಾರ್ರಿ” ಎಂದನು. ನಪಾಸಾದ ಆ ಗಣಿತವನ್ನು ದಿನವೂ ತೂಗುಗುಂಡಿನಿಂದ ಬಿಡಿಸುತ್ತಿರುವನೆಂದು ನಮಗೆ ತೋರಿತು. ಆದರೆ ಅದಕ್ಕೆ ಅಂಕಪಟ್ಟಿಯಿಲ್ಲ. ಕೆಲಸದಲ್ಲಿ ಕೈ ಮುರಿದರೆ ಕೇಳುವವರೂ ಇಲ್ಲ.

ವೆಲ್ಡರ್, ವೈರ್‌ಮನ್ ಮೊದಲಾದ ಕೆಲವು ಕಸುಬುಗಳಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಎಂಟನೆಯ ತರಗತಿ ತೇರ್ಗಡೆಯೇ ಸಾಕು. 1961ರ ಶಿಶಿಕ್ಷು ಕಾಯಿದೆಯಂತೆ ಕಾರ್ಖಾನೆಯಲ್ಲಿ ಭತ್ಯೆ ಪಡೆದು ಕಲಿಯುವ ದಾರಿಯೂ ಇದೆ. ಫಲಿತಾಂಶದ ದಿನ, ನಪಾಸಾದವರ ಹೆಸರು ಓದುವಾಗಲೇ, ಮುಖ್ಯೋಪಾಧ್ಯಾಯರು ಇದನ್ನೂ ಓದಿ ಹೇಳಿದರೆ ಖರ್ಚೇನೂ ಇಲ್ಲ.

ಈ ಮಾತನ್ನು ಹುಡುಗನಿಗೆ ತಿಳಿಸಿದಾಗ ಅವನು, “ಅರ್ಜಿ ಯಾವಾಗ ಕೊಡಬೇಕ್ರಿ ಸರ?” ಎಂದು ಕೇಳಿದನು. ಇಪ್ಪತ್ತು ವರ್ಷ ಷೇಕ್ಸ್‌ಪಿಯರನನ್ನು ಬೋಧಿಸಿದ ನಮಗೆ ಅದು ತಿಳಿದಿರಲಿಲ್ಲ. ಮರುದಿನ ವಿಚಾರಿಸಿಕೊಂಡು ಅವನ ಮನೆಗೆ ಹೋದೆವು. ಅವನು ರಾತ್ರಿಯ ಗಾಡಿಗೆ ಹೊರಟುಹೋಗಿದ್ದನು. ಬೇಕಾದ ಕಾಗದಗಳ ಪಟ್ಟಿಯನ್ನು ಅವನ ತಾಯಿಯ ಕೈಯಲ್ಲಿ ಕೊಟ್ಟು ಬಂದಿದ್ದೇವೆ.