ದುಡಿಯುವವನೇ ದುಡ್ಡು ಕೊಡಬೇಕೆ?

(ತಾಲ್ಲೂಕು ಯುವಜನ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ನಮ್ಮ ಹಳ್ಳಿಗಳಲ್ಲಿ ದೆವ್ವದ ಕಾಟ ತಪ್ಪಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಇಂದು ಕೊಲ್ಲಿ ದೇಶಗಳಲ್ಲಿ ಕೆಲಸ ಕೊಡಿಸುವ ಏಜೆಂಟರು ಅದೇ ಮಾತನ್ನು ಬದುಕಿರುವ ಮನುಷ್ಯನಿಗೆ ಹೇಳುತ್ತಿದ್ದಾರೆ.

ನಮ್ಮ ಬಳಿ ದೂರು ತರುವ ತರುಣರ ಕಥೆ ಹೆಚ್ಚುಕಡಿಮೆ ಒಂದೇ. ಗಾರೆ ಕೆಲಸ, ಡ್ರೈವರ್ ಕೆಲಸವೆಂದು ಊರಿನ ಪರಿಚಯದವನೇ ಆಸೆ ಹುಟ್ಟಿಸುತ್ತಾನೆ. ಮೊದಲು ಪಾಸ್‌ಪೋರ್ಟು ಇಸಿದುಕೊಳ್ಳುತ್ತಾನೆ. ಆಮೇಲೆ ವೈದ್ಯಕೀಯ ಪರೀಕ್ಷೆಗೆ, ವೀಸಾಕ್ಕೆ ಎಂದು ಹಣ. ತಾಯಿಯ ಓಲೆ ಗಿರವಿಗೆ ಹೋಗುತ್ತದೆ. ಹಣ ಕೈಸೇರಿದ ಮೇಲೆ ಮಾತೇ ಬೇರೆ: ಕಂಪನಿಯಿಂದ ಪತ್ರ ಬಂದಿಲ್ಲ, ಸಾಹೇಬರು ಊರಲ್ಲಿಲ್ಲ, ಮುಂದಿನ ತಿಂಗಳು ನೋಡೋಣ. ಕೆಲಸವಿಲ್ಲ ಎಂದು ಖಂಡಿತವಾಗಿ ಹೇಳಿದರೂ ಹುಡುಗ ಬೇರೆ ದಾರಿ ನೋಡಿಕೊಂಡಾನು. ಅದನ್ನೂ ಹೇಳುವುದಿಲ್ಲ. ಪಾಸ್‌ಪೋರ್ಟು ಏಜೆಂಟನ ಪೆಟ್ಟಿಗೆಯಲ್ಲಿ, ಇವನು ಕದಲುವಂತಿಲ್ಲ.

ಕಾನೂನು ಇಲ್ಲವೇ? ಇದೆ. 1983ರ ವಲಸೆ ಕಾಯ್ದೆಯಂತೆ ನೋಂದಣಿ ಇಲ್ಲದವನು ಪರದೇಶದ ಕೆಲಸಕ್ಕೆ ಆಳು ಸೇರಿಸುವಂತಿಲ್ಲ. ನೋಂದಣಿ ಇದ್ದವನೂ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯಬಾರದು, ರಸೀದಿ ಕೊಡಬೇಕು. ಮುರಿದವನಿಗೆ ಆ ಕಾಯ್ದೆ ಗೊತ್ತುಮಾಡಿದ ಶಿಕ್ಷೆ ಎರಡು ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ಒಬ್ಬ ಬಡವನಿಂದ ಪಡೆಯಬಹುದಾದ ಶುಲ್ಕದ ಹದಿನೈದರಲ್ಲಿ ಒಂದು ಪಾಲು! ಇಂಥ ದಂಡಕ್ಕೆ ಯಾವ ದಲ್ಲಾಳಿ ಹೆದರುತ್ತಾನೆ?

ಶುಲ್ಕವೇ ಏಕೆ ಎಂಬುದು ನಮ್ಮ ಮುಖ್ಯ ಪ್ರಶ್ನೆ. ಶ್ರಮ ಮಾರಾಟದ ಸರಕಲ್ಲವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1944ರಲ್ಲಿ ಫಿಲಡೆಲ್ಫಿಯಾದಲ್ಲಿ ಸಾರಿತು. ಖಾಸಗಿ ಏಜೆನ್ಸಿಗಳು ಕಾರ್ಮಿಕನಿಂದ ಶುಲ್ಕ ಪಡೆಯಬಾರದೆಂಬ ನಿಯಮವನ್ನು 1997ರ ತನ್ನ ಒಡಂಬಡಿಕೆಯಲ್ಲಿ ಬರೆಯಿತು. ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಆಳು ಬೇಕಾಗಿರುವುದು ಮಾಲೀಕನಿಗೆ. ಆಳು ಹುಡುಕಿಕೊಟ್ಟವನ ಕೂಲಿಯನ್ನೂ ಅವನೇ ಕೊಡಲಿ. ಈ ಬೇಡಿಕೆಯನ್ನು ನಾವು ಬಿಡಬಾರದು.

ಅಲ್ಲಿಯವರೆಗೆ ಎಚ್ಚರವಿರಲಿ. ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಇ-ಮೈಗ್ರೇಟ್ ಪಟ್ಟಿಯೊಡನೆ ತಾಳೆ ನೋಡಿ. ರಸೀದಿ ಇಲ್ಲದೆ ಬಿಡಿಗಾಸೂ ಬೇಡ. ಈಗಾಗಲೇ ಮೋಸಹೋದವರು ನಾಚಿ ಮೂಲೆ ಸೇರಬೇಡಿ, ನಾಚಬೇಕಾದವರು ನೀವಲ್ಲ. ಒಬ್ಬೊಬ್ಬರೇ ಏಜೆಂಟನ ಬಾಗಿಲಿಗೆ ಅಲೆದರೆ ಚಪ್ಪಲಿ ಸವೆದೀತು, ಅಷ್ಟೆ. ಬರುವ ಭಾನುವಾರ ಎಲ್ಲರೂ ಇದ್ದಬದ್ದ ಕಾಗದ ಹಿಡಿದು ಪಕ್ಷದ ಕಚೇರಿಗೆ ಬನ್ನಿ. ಪೊಲೀಸ್ ಠಾಣೆಗೂ ವಲಸೆ ಸಂರಕ್ಷಣಾಧಿಕಾರಿಗೂ ಒಟ್ಟಾಗಿ ದೂರು ಕೊಡೋಣ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ.